ಉಡಿ ಒಡ್ಡದೆ ಬಂದ ಸಜ್ಜೆ

ಹೈದರಾಬಾದ್
14–1–2002

ಲೇ ಪುಷ್ಪಿ,

ಗೆದ್ದೆ!

ಇಷ್ಟು ವರ್ಷ ಇಲ್ಲಿನ ದೊಡ್ಡವರೆಲ್ಲ ಆಗದ ಕೆಲಸಕ್ಕೆ ಕೈ ಹಾಕಿದ್ದೀಯ ಎಂದು ನನ್ನ ಮುಖದ ಮೇಲೆಯೇ ಹೇಳಿದ್ದರು. ಕೊಟ್ಟೂರಿನ ಪಂಪ್ ರಿಪೇರಿಯವನ ಮಗಳಿಗೆ ಇಷ್ಟು ಹಟ ಯಾಕೆ ಎಂದು ಒಬ್ಬ ಮಹಾಶಯ ನಕ್ಕಿದ್ದ. ಈಗ ಅವನೇ ಮೊದಲು ಓಡಿ ಬಂದು ಕೈ ಕುಲುಕಿದ. ನಮ್ಮ ಕುಲಾಂತರಿಯನ್ನು ನೋಡಲು ಜನ ಸಾಲುಗಟ್ಟುತ್ತಿದ್ದಾರೆ. ಕುಲಾಂತರಿ! ಕನ್ನಡ ಪತ್ರಿಕೆಯವರು ಇಟ್ಟ ಹೆಸರು ಇದು, ನನಗೆ ತುಂಬಾ ಹಿಡಿಸಿದೆ. ಒಂದು ಕುಲದ್ದು ಇನ್ನೊಂದು ಕುಲವನ್ನು ಸೇರಿತು, ಬೇಡ ಎಂದವರ ಎದುರಿಗೇ ಸೇರಿತು.

ಆದರೆ ಗಾಜಿನ ಮನೆಯಲ್ಲಿ ಮುಚ್ಚಿಟ್ಟುಕೊಂಡು ಕೂರಲು ನನಗೆ ಇಷ್ಟವಿಲ್ಲ. ಮುಂಗಾರಿಗೆ ಊರ ಕಡೆಗೇ ಕರೆತರಬೇಕು. ನಮ್ಮ ಬಿಸಿಲಿನಲ್ಲಿ, ನಮ್ಮ ಕೆಂಪು ನೆಲದಲ್ಲಿ ಬಾಳಿದರೆ ಅದು ಬಾಳು. ನಿನ್ನ ಕೆರೆ ಪಕ್ಕದ ಹೊಲದಲ್ಲಿ ಒಂದು ಮೂಲೆ ಕೊಡುತ್ತೀಯಾ? ಸುತ್ತ ತಂತಿ ಬೇಲಿ ಹಾಕಿಸಿಕೊಳ್ಳುತ್ತೇವೆ. ಜನ ಸುಮ್ಮನಿರುವುದಿಲ್ಲ, ಗೊತ್ತು. ಅಲ್ಲಲ್ಲಿ ಬೆಂಕಿ ಹಚ್ಚಿದ ಸುದ್ದಿ ನಾನೂ ಓದಿದ್ದೇನೆ. ಹಚ್ಚಲಿ, ನೋಡೋಣ.

ಅಬ್ಬಾನಿಗೆ ಇನ್ನೂ ಏನೂ ಹೇಳಿಲ್ಲ. ನೀನೂ ಹೇಳಬೇಡ. ನಾನೇ ಬಂದು ಹೇಳುತ್ತೇನೆ.

ನಿನ್ನ
ಪರ್ವೀನ್

*

ಬೆಣಕನಹಾಳು, ಕೂಡ್ಲಿಗಿ ತಾಲೂಕು
2–2–2002

ಪರ್ವೀನ್,

ನಿನ್ನ ಕಾಗದ ಓದಿದವಳೇ ಬಾಗಿಲು ಹಾಕಿಕೊಂಡೆ. ಆಮೇಲೆ ಇನ್ನೊಮ್ಮೆ ಓದಿದೆ. ಹುಚ್ಚಿ, ಇಷ್ಟು ದೊಡ್ಡ ವಿಷಯವನ್ನು ಹೀಗೆ ಬರೆಯುತ್ತಾರಾ? ಹುಡುಗ ಯಾರು, ಯಾವ ಊರು, ಹೆಸರೇನು, ಒಂದು ಸಾಲೂ ಇಲ್ಲ. ಬೇರೆ ಕುಲದವನನ್ನು ಕಟ್ಟಿಕೊಂಡರೆ ಪೇಪರಿನವರು ಹೆಸರಿಟ್ಟು ಹಾಕುವಷ್ಟು ದೊಡ್ಡ ಗಲಾಟೆ ಆಗಿದೆಯಾ? ಗಾಜಿನ ಮನೆ ಎಂದೆಯಲ್ಲ, ಸ್ಥಿತಿವಂತರೇ ಇರಬೇಕು. ಅಂಥವನು ನಮ್ಮ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಯಾಕಿರಬೇಕು? ಹಾವು ಚೇಳು ಓಡಾಡುವ ಜಾಗ ಅದು. ನಮ್ಮ ಪಡಸಾಲೆ ಖಾಲಿ ಇದೆ, ಇಬ್ಬರೂ ಬನ್ನಿ. ತಂತಿ ಬೇಲಿ ಏನೂ ಬೇಡ. ಬೆಂಕಿ ಹಚ್ಚಲು ಬರುವವರು ಮೊದಲು ನನ್ನನ್ನು ದಾಟಿ ಬರಲಿ. ನನ್ನ ಗಂಡ ಹುಲುಗಣ್ಣನೂ ಕುರಿ ಹೊಡೆದುಕೊಂಡು ಹೊರಡುವಾಗ, "ಬರ್ಲಿ ಬಿಡು, ನಮ್ಮನಿ ಏನ್ ಸಣ್ಣದೈತೇನು?" ಎಂದು ಹೇಳಿ ಹೋಗಿದ್ದಾನೆ.

ಇನ್ನೊಂದು ಮಾತು. ಹೇಳಬೇಡ ಎಂದಿದ್ದೆ, ನಾನು ಹೇಳಿಬಿಟ್ಟೆ. ನೀನು ಹೆದರಿ ಕೂತಿದ್ದೀಯ ಎಂದು ತಿಳಿದು ಸಂತೆಯ ದಿನ ಕೊಟ್ಟೂರಿಗೆ ಹೋದೆ. ವಹಾಬ ಚಾಚಾ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದರು.

"ಚಾಚಾ, ಪರ್ವೀನ ಬ್ಯಾರೆ ಕುಲದವನ್ನ ಮಾಡ್ಕೊಂಡಾಳ. ನೀವು ಸಿಟ್ಟಾಗಂಗಿಲ್ಲ. ಸಿಟ್ಟಾದ್ರ ಮೊದ್ಲು ನನ್ನ ಮ್ಯಾಲೆ ಆಗ್ರಿ," ಎಂದೆ.

ಚಾಚಾ ತಂತಿ ಕೆಳಗಿಟ್ಟರು. ಕೈ ಒರೆಸಿಕೊಂಡರು. ಆಮೇಲೆ ಹೇಳಿದರು: "ಮಾಡಿದ್ದಕ್ಕ ಬ್ಯಾಸರ ಇಲ್ಲವ್ವ. ಕೇಳಲಾರ್ದ ಮಾಡಿದ್ಲಲ್ಲ, ಅದಕ್ಕ. ನಾನು ಬ್ಯಾಡ ಅಂತಿದ್ನೋ ಏನೋ. ಆದ್ರ ಬ್ಯಾಡ ಅನ್ನಾಕರ ಒಂದು ಸಲ ಬಿಡಬೇಕಿತ್ತು."

ನನಗೆ ಬೈ, ಹೊಡಿ. ಆದರೆ ಫೋನು ಮಾಡಿ ಚಾಚಾನ ಹತ್ತಿರ ಮಾತಾಡು.

ಪುಷ್ಪಲತಾ

*

ಹೈದರಾಬಾದ್
11–2–2002

ಪುಷ್ಪಿ,

ನಿನ್ನನ್ನು ಏನು ಮಾಡಲಿ? ಸಜ್ಜೆ ಕಣಲೇ, ಸಜ್ಜೆ! ಕುಲಾಂತರಿ ಎಂದರೆ ಹುಡುಗ ಅಲ್ಲ, ಮದುವೆ ಅಲ್ಲ, ರೊಟ್ಟಿ ತಟ್ಟುವ ಸಜ್ಜೆ. ಗಾಜಿನ ಮನೆ ಎಂದರೆ ಗಿಡ ಬೆಳೆಸುವ ಮನೆ.

ಬೂತಿನಿಂದ ಅಬ್ಬಾನ ಫೋನು ಬಂತು. "ಹೆಸರರ ಹೇಳವ್ವಾ," ಎಂದರು. ನಾನು ಸಜ್ಜೆಯ ತಳಿಯ ನಂಬರು ಹೇಳಿದೆ. ಅವರು ಗಾಬರಿಯಾಗಿ ಫೋನು ಇಟ್ಟರು. ನಿನ್ನ ಕಾಗದ ಬಂದ ಮೇಲೆಯೇ ನನಗೆ ಅರ್ಥವಾದದ್ದು. ಲ್ಯಾಬಿನಲ್ಲಿ ಕೂತು ಒಬ್ಬಳೇ ನಕ್ಕೆ. ನಗುತ್ತ ನಗುತ್ತ ಅಳುವೂ ಬಂತು, ಯಾಕೋ ಗೊತ್ತಿಲ್ಲ.

ಈಗ ಸರಿಯಾಗಿ ಕೇಳು. ಹೈಸ್ಕೂಲಿನಲ್ಲಿದ್ದಾಗ ನಿಮ್ಮೂರ ಗುಡ್ಡ ಹತ್ತುತ್ತಿದ್ದೆವಲ್ಲ, ಬಂಡೆಯ ಸಂದಿನಲ್ಲಿ ಒಂದು ಸಣ್ಣ ಹುಲ್ಲು ಇರುತ್ತಿತ್ತು. ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತಿತ್ತು. ಒಂದು ಮಳೆ ಬಿದ್ದರೆ ಮಾರನೆಯ ದಿನವೇ ಹಸಿರು. ಸತ್ತದ್ದು ಹೇಗೆ ಎದ್ದಿತು ಎಂದು ನಾನು ನಿನ್ನ ತಲೆ ತಿಂದಿದ್ದೆ. ಆ ಹುಲ್ಲಿನ ಒಳಗಿನ ಒಂದು ಗುಣವನ್ನು, ಅಂದರೆ ಒಂದು ಜೀನನ್ನು, ತೆಗೆದು ಸಜ್ಜೆಯ ಒಳಗೆ ಸೇರಿಸಿದ್ದೇವೆ. ಮಳೆ ಹೋದರೂ ಈ ಸಜ್ಜೆ ತಡೆದು ನಿಲ್ಲುತ್ತದೆ. ಗಾಜಿನ ಮನೆಯಲ್ಲಿ ನಿಂತಿದೆ. ಹೊಲದಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕು, ಅದಕ್ಕೇ ನಿನ್ನ ಹೊಲದ ಮೂಲೆ ಕೇಳಿದ್ದು.

ಅಬ್ಬಾನಿಗೆ ಇದೆಲ್ಲ ನೀನೇ ಬಿಡಿಸಿ ಹೇಳು. ಕೆಡಿಸಿದವಳು ನೀನು. ಹೊಲದ ಮಾತಿಗೆ ಬೇಗ ಉತ್ತರ ಬರೆ. ನೀನು ಹೂಂ ಎನ್ನುತ್ತೀಯ ಎಂದು ಇಲ್ಲಿ ಹೇಳಿಯೂ ಆಗಿದೆ.

ಪರ್ವೀನ್

*

ಬೆಣಕನಹಾಳು
5–3–2002

ಪರ್ವೀನ್,

ಚಾಚಾನಿಗೆ ಹೇಳಿದೆ. ನಕ್ಕರು, ಆದರೆ ಪೂರ್ತಿ ನಗಲಿಲ್ಲ. ನಿನ್ನ ಕಾಗದದಲ್ಲಿ ಕುಲಾಂತರಿ ಎಂದರೆ ಹುಡುಗ ಅಲ್ಲ ಎಂದು ಇದೆ. ಹುಡುಗನೇ ಇಲ್ಲ ಎಂದು ಎಲ್ಲಿಯೂ ಇಲ್ಲ. ನಾನು ಸಜ್ಜೆ ಬಿತ್ತುವವಳೇ ಇರಬಹುದು, ಕಾಗದ ಓದಲು ಬರುತ್ತದೆ.

ಇನ್ನು ಹೊಲದ ಮಾತು. ಕೊಡುವುದಿಲ್ಲ.

ಸಿಟ್ಟಾಗಬೇಡ, ಅಥವಾ ಆಗು. ನಮ್ಮ ಅವ್ವನ ಮೀಸೆ ಸಜ್ಜೆ ನಿನಗೆ ಗೊತ್ತು. ತೆನೆಯ ತುಂಬಾ ಉದ್ದುದ್ದ ಮೀಸೆ, ಹಕ್ಕಿ ಬಾಯಿ ಹಾಕುವುದಿಲ್ಲ. ಮಳೆಗಾಲಕ್ಕೆ ಮುಂಚೆ ಊರಿನ ಹೆಂಗಸರು ಬಂದು ಸೆರಗು ಹಿಡಿದು ಉಡಿ ಒಡ್ಡುತ್ತಾರೆ, ಅವ್ವ ಉಡಿಗೆ ಬೀಜ ಹಾಕುತ್ತಿದ್ದಳು, ಈಗ ನಾನು ಹಾಕುತ್ತೇನೆ. ಉಡಿ ಒಡ್ಡದೆ ನಮ್ಮ ಮನೆಯಿಂದ ಬೀಜ ಹೋಗುವುದಿಲ್ಲ, ಉಡಿ ಒಡ್ಡದೆ ನಾವೂ ಯಾರಿಂದಲೂ ತಂದಿಲ್ಲ. ಊರ ದೊಡ್ಡ ಗೌಡತಿಯಾದರೂ ಬಂದು ಕೇಳಬೇಕು.

ಸಜ್ಜೆಯ ತೆನೆ ಪಕ್ಕದ ಹೊಲದ ಪರಾಗವನ್ನೂ ತೆಗೆದುಕೊಳ್ಳುತ್ತದೆ ಎಂದು ನೀನೇ ಒಂದು ಸಲ ಬರೆದಿದ್ದೆ. ನಿನ್ನ ಹುಡುಗ ಬಂದರೆ ಹೊರಗೆ ಚಪ್ಪಲಿ ಬಿಟ್ಟು, ಬರಲಾ ಎಂದು ಕೇಳಿ ಒಳಗೆ ಬರುತ್ತಾನೆ. ನಿನ್ನ ಸಜ್ಜೆಯ ಪರಾಗ ಕೇಳುತ್ತದೆಯೇ? ಗಾಳಿ ಬೀಸಿದರೆ ನನ್ನ ತೆನೆಯೊಳಗೆ. ಮುಂದಿನ ವರ್ಷ ನಾನು ಯಾರ ಉಡಿಗೆ ಏನು ಹಾಕುತ್ತೇನೋ ನನಗೇ ಗೊತ್ತಿರುವುದಿಲ್ಲ. ನಿನ್ನದು ಒಳ್ಳೆಯದೇ ಇರಬಹುದು. ನನ್ನದು ನನಗೆ ಗೊತ್ತಿರುವ ಸಜ್ಜೆಯಾಗಿಯೇ ಇರಲಿ.

ಮನೆಗೆ ಮಾತ್ರ ಬಾ. ಪಡಸಾಲೆಯ ಮಾತು ಹಾಗೇ ಇದೆ.

ಪುಷ್ಪಲತಾ

*

ಹೈದರಾಬಾದ್
19–3–2002

ಪುಷ್ಪಲತಾ,

ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಹರಪನಹಳ್ಳಿಯ ಅಂಗಡಿಗಳಿಗೆ ಹೈಬ್ರಿಡ್ ಮೆಕ್ಕೆಜೋಳ ಬಂದಾಗ ಯಾರು ಯಾರಿಗೆ ಉಡಿ ಒಡ್ಡಿದರು? ನಿಮ್ಮ ಊರಿನವರೇ ಲಾರಿ ಮುಂದೆ ಮುಗಿಬಿದ್ದು ಕೊಂಡರು. ಆಗ ಯಾರ ಅವ್ವನ ಬೀಜವೂ ಯಾರಿಗೂ ನೆನಪಾಗಲಿಲ್ಲ. ಅಬ್ಬಾನ ಅಂಗಡಿಗೆ ಬರುವ ಪಂಪುಗಳಲ್ಲಿ ಅರ್ಧಕ್ಕೆ ಯಾವ ಕೇಡೂ ಇರುವುದಿಲ್ಲ. ಕೊಳವೆಬಾವಿಯಲ್ಲಿ ನೀರೇ ಇಲ್ಲ, ಜನ ಮೋಟಾರನ್ನು ಬೈಯುತ್ತಾ ಹೊತ್ತು ತರುತ್ತಾರೆ. ಅಬ್ಬಾ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಕೊಡುತ್ತಾರೆ. ನೀರಿಲ್ಲ ಎಂದು ಹೇಳುವ ಧೈರ್ಯ ಅವರಿಗೂ ಇಲ್ಲ. ಅದನ್ನು ನೋಡುತ್ತಾ ಬೆಳೆದವಳು ನಾನು. ನೀರು ಕಡಿಮೆ ಕೇಳುವ ಬೆಳೆ ಬೇಕು ಎಂದು ಹಟ ಹಿಡಿದದ್ದು ಅಲ್ಲಿ, ಈ ಊರಿನಲ್ಲಲ್ಲ.

ನೀನು ಮೀಸೆ ಸಜ್ಜೆಯನ್ನು ಪೂಜೆ ಮಾಡುತ್ತಾ ಕೂರು. ಮಳೆ ಕೈಕೊಟ್ಟ ವರ್ಷ ಆ ಮೀಸೆ ಏನು ಕೊಡುತ್ತದೋ ನೋಡೋಣ. ನೀನು ಕೊಡದಿದ್ದರೆ ಕೊಡುವವರು ಇನ್ನೊಬ್ಬರು ಸಿಗುತ್ತಾರೆ.

ಪರ್ವೀನ್

*

ಬೆಣಕನಹಾಳು
6–8–2002

ಪರ್ವೀನ್,

ನಾಲ್ಕೂವರೆ ತಿಂಗಳು ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿನಗೆ ಸಿಟ್ಟು ಎಂದುಕೊಂಡಿದ್ದೆ. ಈಗ ನೋಡಿದರೆ ನಿನಗೆ ಕೆಲಸವಿತ್ತು.

ನನ್ನ ಹೊಲಕ್ಕೆ ಹೊಂದಿಕೊಂಡ ವೀರಭದ್ರಯ್ಯನವರ ಹೊಲಕ್ಕೆ ಜೂನಿನಲ್ಲಿ ತಂತಿ ಬೇಲಿ ಬಂತು. ಬೀಜದ ಕಂಪನಿಯ ಜೀಪು ಬಂತು. ಏನ್ರಿ ಅದು ಎಂದು ಕೇಳಿದರೆ ವೀರಭದ್ರಯ್ಯ, "ಹೊಸಾ ಹೈಬ್ರಿಡ್ ಅಂತವ್ವ, ಬಾಡಿಗಿ ಕೊಡ್ತಾರ, ಬಿತ್ಕೊಂತಾರ," ಎಂದರು. ನಾನೂ ಬಿತ್ತಿದೆ. ಒಂದು ಮಳೆ ಬಂದು ಹೋದದ್ದು ಮತ್ತೆ ಬರಲಿಲ್ಲ. ನನ್ನ ಸಜ್ಜೆ ಮೊಣಕಾಲಿನ ಮೇಲೆ ಏಳಲಿಲ್ಲ, ಎಲೆ ಸುರುಳಿ ಸುತ್ತಿಕೊಂಡಿದೆ. ಬೇಲಿಯ ಆಚೆಯದು ಹಸಿರಾಗಿದೆ. ಸುಳ್ಳು ಹೇಳುವುದಿಲ್ಲ, ಬದುವಿನ ಮೇಲೆ ನಿಂತು ನೋಡಿ ನನಗೆ ಹೊಟ್ಟೆ ಉರಿಯಿತು.

ಹೋದ ವಾರ ಹೈದರಾಬಾದಿನಿಂದ ಆ ಬೆಳೆಯ ಅಳತೆ ಮಾಡಲು ಒಬ್ಬ ಹುಡುಗ ಬಂದ. ಹಂಪಸಾಗರದ ಜಂಬುನಾಥ ಅಂತೆ. ಬಿಸಿಲಿಗೆ ಮುಖ ಕೆಂಪಾಗಿತ್ತು, ಕರೆದು ಮಜ್ಜಿಗೆ ಕೊಟ್ಟೆ. ಅರ್ಧ ಕುಡಿದಾಗ ಕೇಳಿದೆ: "ಇದು ಕುಲಾಂತರಿ ಏನ್ರಿ?"

ಮಜ್ಜಿಗೆ ನೆತ್ತಿಗೇರಿತು. "ನಿಮಗ ಆ ಮಾತು ಯಾರ್ ಹೇಳಿದ್ರಿ?" ಎಂದ.

"ಪರ್ವೀನ."

"ಓ, ಪುಷ್ಪಕ್ಕಾರು ನೀವಾ? ನಿಮ್ಮ ಬಗ್ಗೆ ಭಾಳ ಹೇಳ್ಯಾಳ್ರಿ," ಎಂದ.

ಹೇಳ್ಯಾಳ! ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವವಳನ್ನು, ಓದಿದವಳನ್ನು, ಹೇಳ್ಯಾರ ಎನ್ನಬೇಕಲ್ಲವೇ? ತಾನು ಏನೆಂದೆ ಎಂದು ಅವನಿಗೂ ಹೊಳೆಯಿತು, ಕಿವಿ ಕೆಂಪಾಯಿತು. ಹೀಗೆ ನೀನು ಮುಚ್ಚಿಟ್ಟ ಎರಡೂ ವಿಷಯ ಒಂದು ಲೋಟ ಮಜ್ಜಿಗೆಯಲ್ಲಿ ಹೊರಗೆ ಬಂದವು. ಹುಡುಗ ಒಳ್ಳೆಯವನು, ಸುಳ್ಳು ಹೇಳಲು ಬರುವುದಿಲ್ಲ. ನಿನಗೆ ಬರುತ್ತದೆ.

ಲೇ, ನಾನು ಬೇಡ ಎಂದಿದ್ದೆ. ನೀನು ಬದು ದಾಟಿ ಆಚೆ ಬಿತ್ತಿದೆ. ಚಾಚಾ ಆವತ್ತು ಹೇಳಿದ ಮಾತು ಈಗ ನನಗೆ ಅರ್ಥವಾಯಿತು. ನನಗೆ ಬೇಡ ಎನ್ನಲು ಬಿಟ್ಟಂತೆ ಮಾಡಿ, ಆ ಮಾತನ್ನು ಗಾಳಿಗೆ ತೂರಿದೆ.

ನಿನ್ನ ಸಜ್ಜೆಯ ತೆನೆ ಇನ್ನೂ ಹೊರಗೆ ಬಂದಿಲ್ಲ. ನಿನ್ನ ಕಾಗದ ಬರುವ ತನಕ ಕಾಯುತ್ತೇನೆ. ಉತ್ತರ ಬಾರದೆ ತೆನೆ ಹೊರಬಂದರೆ ಹುಲುಗಣ್ಣನ ಕುರಿ ಮಂದೆ ಆ ಬೇಲಿಯೊಳಗೆ ಹೋಗುತ್ತದೆ. ಬೆಂಕಿ ಹಚ್ಚುವುದಿಲ್ಲ, ನಾನು ಕುರಿ ಮೇಯಿಸುವವರ ಮನೆಯವಳು. ಪೊಲೀಸರಿಗೆ ಹೇಳಬೇಕೆಂದರೆ ಹೇಳು, ನನ್ನ ಹೆಸರು ಗೊತ್ತಲ್ಲ.

ಪುಷ್ಪಲತಾ

*

ಹೈದರಾಬಾದ್
10–8–2002

ಪುಷ್ಪಿ,

ಕುರಿ ಬಿಡಬೇಡ. ಬೇಲಿಗಾಗಿ ಹೇಳುತ್ತಿಲ್ಲ, ಕುರಿಗಾಗಿ ಹೇಳುತ್ತಿದ್ದೇನೆ. ಈ ಸಜ್ಜೆಯನ್ನು ದನ ಕುರಿ ತಿಂದರೆ ಏನಾಗುತ್ತದೆ ಎಂದು ನಾವು ಇನ್ನೂ ನೋಡಿಲ್ಲ. ಏನೂ ಆಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅನ್ನಿಸುವುದು ಬೇರೆ, ನೋಡುವುದು ಬೇರೆ.

ಆ ಸಾಲು ಬರೆದ ಮೇಲೆ ಅದನ್ನೇ ಮತ್ತೆ ಓದಿದೆ. ಕುರಿ ತಿಂದರೆ ಏನಾಗುತ್ತದೆ ಎಂದು ಗೊತ್ತಿಲ್ಲದ್ದನ್ನು ನಿನ್ನ ಬದುವಿಗೆ ತಾಗಿಸಿ ಬಿತ್ತಿಸಿದ್ದೇನೆ. ನೀನು ಬೈದದ್ದು ಸಾಲದು.

ಆದರೂ ಸಜ್ಜೆಯ ವಿಷಯದಲ್ಲಿ ನಾನು ತಲೆ ತಗ್ಗಿಸುವುದಿಲ್ಲ. ಹಸಿರಾಗಿದೆ ಎಂದು ನೀನೇ ಬರೆದೆ. ಅದನ್ನು ಓದಿ ಕುಣಿದೆ, ಸುಳ್ಳು ಯಾಕೆ ಹೇಳಲಿ? ನನ್ನ ಸಜ್ಜೆ ನಿಂತಿದೆ, ಪುಷ್ಪಿ! ಅದನ್ನು ಹೈಬ್ರಿಡ್ ಎಂದು ಸುಳ್ಳು ಹೆಸರಿನಲ್ಲಿ ನಿಲ್ಲಿಸಿದ್ದಾರಲ್ಲ, ಅದು ಈಗ ನನ್ನ ಮೈ ಉರಿಸುತ್ತಿದೆ. ಗೆದ್ದದ್ದಕ್ಕೆ ಸ್ವಂತ ಹೆಸರೂ ಬೇಡವೇ?

ನಮ್ಮ ಮೇಲಿನವರ ಹತ್ತಿರ ಹೋಗಿ ಊರಿಗೆ ಹೇಳಿಬಿಡೋಣ ಎಂದೆ. ಹೇಳಿದರೆ ನಮ್ಮ ಕೆಲಸಕ್ಕೆ ಹಣ ಹಾಕುವ ಬೀಜದ ಕಂಪನಿ ಕೈ ಬಿಡುತ್ತದೆ, ಸುಮ್ಮನಿರು ಎಂದರು. ಸುಮ್ಮನಿರುವುದಿಲ್ಲ. ಕಾಗದದ ಚೀಲಗಳನ್ನು ಕಟ್ಟಿಕೊಂಡು ನಾಳೆಯೇ ಬಸ್ಸು ಹತ್ತುತ್ತಿದ್ದೇನೆ. ತೆನೆ ಹೊರಗೆ ಬರುವ ಮೊದಲೇ ಒಂದೊಂದಕ್ಕೂ ಚೀಲ ಹಾಕಿ ಕಟ್ಟಿದರೆ ಪರಾಗ ಹೊರಗೆ ಹೋಗುವುದಿಲ್ಲ. ತಳಿ ಕಾಯುವವರೆಲ್ಲ ಮಾಡುವ ಕೆಲಸ ಇದು; ಕೂಲಿ ಉಳಿಸಲು ಕಂಪನಿಯವರು ಬಿಟ್ಟಿದ್ದಾರೆ. ಕೈ ಸಾಲದಿದ್ದರೆ ನೀನೂ ಬಾ. ಬಾರದಿದ್ದರೆ ಒಬ್ಬಳೇ ಕಟ್ಟುತ್ತೇನೆ.

ಜಂಬುನಾಥನ ವಿಷಯ ನಿನ್ನ ಮುಖ ನೋಡಿ ಹೇಳುತ್ತೇನೆ.

ಪರ್ವೀನ್

*

ಹೈದರಾಬಾದ್
9–9–2002

ಪುಷ್ಪಿ,

ಇಲ್ಲಿಗೆ ಬಂದ ದಿನವೇ ನೋಟಿಸು ಕೊಟ್ಟರು. ಸಜ್ಜೆಯ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಹೊಸಬರಿಗೆ ಪಾಠ ಹೇಳಿಕೊಂಡಿರಬೇಕಂತೆ. ನನ್ನ ಗಾಜಿನ ಮನೆಯ ಬೀಗದ ಕೈ ಈಗ ಆ ನಕ್ಕ ಮಹಾಶಯನ ಹತ್ತಿರ ಇದೆ. ಮೊದಲು ಅತ್ತುಬಿಟ್ಟೆ, ಆಮೇಲೆ ಸಿಟ್ಟು ಬಂತು, ಈಗ ಸಿಟ್ಟೇ ಉಳಿದಿದೆ. ಜೀನು ಸೇರಿಸುವುದು ನನ್ನ ಕೈಗೆ ಗೊತ್ತು. ಕೈಯನ್ನು ಯಾರೂ ನೋಟಿಸು ಕೊಟ್ಟು ತೆಗೆಯಲಾರರು.

ನಿಮ್ಮೂರ ಚಾವಡಿಯ ಮುಂದೆ ಊರವರ ಎದುರಿಗೆ ನಿಂತದ್ದು ಇನ್ನೂ ಕಣ್ಣ ಮುಂದಿದೆ. ನಾನು ಬೀಜ ಕೇಳುವವರ ಹಾಗೆ ದುಪಟ್ಟಾ ಒಡ್ಡಿ ನಿಂತು, "ಅದು ಹೈಬ್ರಿಡ್ ಅಲ್ರಿ, ಕುಲಾಂತರಿ. ಕೇಳಲಾರ್ದ ಬಿತ್ತೀವಿ. ಈಗ ಕೇಳಾಕ ಬಂದೀನಿ," ಎಂದಾಗ ಕಲ್ಲು ಬೀಳುತ್ತದೆ ಎಂದೇ ಗಟ್ಟಿಯಾಗಿ ನಿಂತಿದ್ದೆ. ಅವರು ಏನೆಂದರು? "ಹೆಸರು ಏನರ ಇರ್ಲವ್ವಾ, ಬೀಜ ಯಾವಾಗ ಕೊಡ್ತೀರಿ?" ಎಂದರು! ಊರಿಗೆ ಊರೇ ಬೇಕು ಎಂದಿತು. ನೀನೊಬ್ಬಳೇ ಎದ್ದು ನಿಂತು, "ನನಗ ಬ್ಯಾಡ," ಎಂದೆ. ನಾನು ಗೆದ್ದೆ ಎಂದು ಕುಣಿಯಬೇಕಿತ್ತು. ಆಗಲಿಲ್ಲ. ಅಷ್ಟು ಜನರ ಎದುರಿಗೆ ಹಾಗೆ ನಿಲ್ಲುವುದು ನನಗೆ ಗೊತ್ತಿರುವ ಕೆಲಸ. ನನ್ನ ಎದುರಿಗೇ ನೀನು ಅದನ್ನು ಮಾಡಿದೆ.

ಮಾರನೆಯ ದಿನ ಆ ನೀನೇ ಬಂದು ನನ್ನ ಜೊತೆ ಚೀಲ ಕಟ್ಟಿದೆ. ಯಾಕೆ ಎಂದು ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಪರ್ವೀನ್

*

ಬೆಣಕನಹಾಳು
24–11–2002

ಪರ್ವೀನ್,

ಯಾಕೆ ಕಟ್ಟಿದೆ ಎಂದರೆ, ಕಟ್ಟದಿದ್ದರೆ ನನ್ನ ತೆನೆ ಕೆಡುತ್ತಿತ್ತು. ಅದು ಒಂದು. ಇನ್ನೊಂದು, ನೀನು ಬಿಸಿಲಿನಲ್ಲಿ ಒಬ್ಬಳೇ ಬಗ್ಗಿ ಬಗ್ಗಿ ಕಟ್ಟುವುದನ್ನು ನೋಡಲಾಗಲಿಲ್ಲ. ದಾರಿಯಲ್ಲಿ ಹೋಗುವವರು, "ಸಜ್ಜಿಗೆ ಬಾಸಿಂಗ ಕಟ್ಟೀರೇನ್ರೇ, ಮದುವಿ ಯಾರದು?" ಎಂದಾಗ ನಿನ್ನ ಮುಖ ಜಂಬುನಾಥನ ಕಿವಿಯ ಹಾಗೇ ಆಗಿತ್ತು.

ಕಂಪನಿಯವರು ಬಂದು ಚೀಲದ ಸಮೇತ ತೆನೆ ಕೊಯ್ದುಕೊಂಡರು, ಉಳಿದದ್ದನ್ನು ತಾವೇ ಸುಟ್ಟು ಹೋದರು. ಇನ್ನು ಈ ಊರಿಗೆ ಕಾಲಿಡುವುದಿಲ್ಲ ಎಂದರು. ಅದಕ್ಕೆ ಊರಿನವರಿಗೆ ನನ್ನ ಮೇಲೆ ಸಿಟ್ಟು. ಬೆಳೆಯುವ ಬೀಜ ಕೈಗೆ ಬಂದಿತ್ತು, ಇವಳು ಬಾಯಿ ತೆಗೆದು ಕೆಡಿಸಿದಳು ಎನ್ನುತ್ತಾರೆ. ವೀರಭದ್ರಯ್ಯ ಮಾತು ಬಿಟ್ಟಿದ್ದಾರೆ. ಬರುವ ಮುಂಗಾರಿಗೆ ನನ್ನ ಬಾಗಿಲಿಗೆ ಎಷ್ಟು ಜನ ಬಂದು ಉಡಿ ಒಡ್ಡುತ್ತಾರೋ ಗೊತ್ತಿಲ್ಲ. ಬಾರದಿದ್ದರೆ ಬೇಡ. ಬೀಜ ಇಡುತ್ತೇನೆ.

ಮೀಸೆ ಸಜ್ಜೆ ಏನು ಕೊಡುತ್ತದೋ ನೋಡೋಣ ಎಂದು ನೀನು ಬರೆದಿದ್ದೆ. ಕೊಟ್ಟಿತು. ಹೆಚ್ಚಿಲ್ಲ, ನಮ್ಮ ಮನೆಗೆ ವರ್ಷವಿಡೀ ಸಾಲುವುದಿಲ್ಲ. ಬೀಜಕ್ಕೆ ಸಾಕು.

ಜಂಬುನಾಥ ಕೊಟ್ಟೂರಿಗೆ ಹೋಗಿದ್ದನಂತೆ. ಚಾಚಾ ಅವನನ್ನು ಮಧ್ಯಾಹ್ನದ ತನಕ ಮಾತಾಡಿಸಲೇ ಇಲ್ಲ. ಅವನೂ ಎದ್ದು ಬರಲಿಲ್ಲ, ಮೋಟಾರು ಎತ್ತಿಕೊಟ್ಟ, ತಂತಿ ಹಿಡಿದುಕೊಂಡ. ಕಡೆಗೆ, "ನಿಮ್ಮ ಮಗಳನ್ನ ಕೇಳಾಕ ಬಂದೀನ್ರಿ. ಬ್ಯಾಡ ಅಂದ್ರ ಇನ್ನೊಂದು ಸಲ ಬರ್ತೀನಿ," ಎಂದನಂತೆ. ಚಾಚಾ, "ಹಂಗಾರ ಬ್ಯಾಡ. ಇನ್ನೊಂದು ಸಲ ಬಾ," ಎಂದು ಚಾ ತರಿಸಿದರಂತೆ. ನನಗೆ ಹೇಳುವಾಗ ಈ ಸಲ ಪೂರ್ತಿ ನಕ್ಕರು.

ಇದರ ಜೊತೆಗೆ ಪೊಟ್ಟಣ ಕಟ್ಟಿ ಒಂದು ಹಿಡಿ ಸಜ್ಜೆ ಇಟ್ಟಿದ್ದೇನೆ. ಹುರಿದು ಕಳಿಸಿದ್ದೇನೆ, ಮೊಳಕೆ ಬರುವುದಿಲ್ಲ. ನಿನ್ನನ್ನು ನಂಬುತ್ತೇನೆ, ನಿನ್ನ ಹಟವನ್ನು ನಂಬುವುದಿಲ್ಲ. ಬೆಲ್ಲ ಹಾಕಿಕೊಂಡು ತಿನ್ನು. ನಿನ್ನ ಗಾಜಿನ ಮನೆ ಮತ್ತೆ ಕೈಗೆ ಬಂದು ಬೀಜ ಬೇಕೆಂದರೆ ಬಾಗಿಲಿಗೆ ಬಂದು ನಿಲ್ಲು, ದುಪಟ್ಟಾ ಒಡ್ಡುವುದು ಈಗ ನಿನಗೆ ಗೊತ್ತಿದೆ. ಬರುವಾಗ ಅವನನ್ನೂ ಕರೆದುಕೊಂಡು ಬಾ, ಪಡಸಾಲೆಗೆ ಸುಣ್ಣ ಹೊಡೆಸಿದ್ದೇನೆ. ನನ್ನ ಉತ್ತರವನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಮತ್ತೆ ಅರ್ಥವಾಗಲಿಲ್ಲ ಎನ್ನಬೇಡ:

ಹುಡುಗಗ ಹೂಂ ಅಂದೀನಿ. ಸಜ್ಜಿಗೆ ಇನ್ನೂ ಇಲ್ಲ. ಬಂದು ಕೇಳು.

ನಿನ್ನ
ಪುಷ್ಪಿ